ಥೆಕ್ಲಾ ಲೆವಾಂಡರ್ ಅವರ ಕೋಟು

ಆರು ವರ್ಷ ಥೆಕ್ಲಾ ಲೆವಾಂಡರ್ ಅವರ ಇಂಗ್ಲಿಷ್ ಉಚ್ಚಾರದಿಂದ ಜರ್ಮನ್ ವಾಸನೆಯನ್ನು ಉಜ್ಜಿ ತೆಗೆಯುವುದು ನನ್ನ ಕೆಲಸವಾಗಿತ್ತು. ಏಳನೆಯ ವರ್ಷ, ೧೯೪೨ರ ಜೂನಿನಲ್ಲಿ, ಅದನ್ನು ಮತ್ತೆ ಅಂಟಿಸಿ ಕೊಡಿ ಎಂದು ಲಾಸ್ ಏಂಜಲೀಸಿನ ಸ್ಟುಡಿಯೋದವರು ನನ್ನನ್ನು ಕರೆಸಿದರು.

ಪಾತ್ರ ಒಬ್ಬ ನಾಜಿ ಅಧಿಕಾರಿಣಿಯದು. ಒಂದೇ ದೃಶ್ಯ. ಅವಳು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದು, ಮೂವತ್ತು ವರ್ಷ ಅಲ್ಲಿ ದುಡಿದ ಯಹೂದಿ ಗ್ರಂಥಪಾಲಕನಿಂದ ಬೀಗದ ಕೈ ಕಿತ್ತುಕೊಂಡು ಅವನನ್ನು ಹೊರಗೆ ಹಾಕುತ್ತಾಳೆ. ಕೆಲಸ ಎರಡು ದಿನದ್ದು. ಆದರೆ ಕರಾರಿನಲ್ಲಿ ಒಂದು ಸಾಲು ಇತ್ತು: ದೃಶ್ಯ ಚಿತ್ರದಲ್ಲಿ ಉಳಿದರೆ ನಟಿಯ ಹೆಸರು ತೆರೆಯ ಮೇಲೆ ಬರುತ್ತದೆ. ಥೆಕ್ಲಾ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಅವರ ಇಂಗ್ಲಿಷ್ ಆ ಹೊತ್ತಿಗೆ ನನ್ನದಕ್ಕಿಂತ ಚೆನ್ನಾಗಿತ್ತು.

ಬರ್ಲಿನ್ನಿನಲ್ಲಿ ಅವರು ಹದಿನಾಲ್ಕು ಚಿತ್ರಗಳಲ್ಲಿ ನಟಿಸಿದ್ದರು. ಸಿನಿಮಾಕ್ಕೆ ಇನ್ನೂ ಮಾತು ಬಂದಿರದ ದಿನಗಳಲ್ಲಿ ಅವರನ್ನು ‘ಬೆನ್ನಿನಿಂದ ಅಳಬಲ್ಲವಳು’ ಎನ್ನುತ್ತಿದ್ದರು. ಬೇರೆ ನಟಿಯರು ಕಣ್ಣೀರಿಗಾಗಿ ಕ್ಯಾಮೆರಾದ ಕಡೆ ತಿರುಗುವಾಗ ಇವರು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಬ್ರೆಸ್ಲಾವಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ನಾನು ಆ ಬೆನ್ನನ್ನು ನೋಡಲೆಂದೇ ಊಟ ಬಿಟ್ಟು ಟಿಕೆಟ್ಟು ಕೊಂಡದ್ದುಂಟು. ೧೯೩೩ರ ವಸಂತದಲ್ಲಿ ಅವರ ಹದಿನಾಲ್ಕನೆಯ ಚಿತ್ರ ಮುಗಿಯುವ ಮೊದಲೇ ಸ್ಟುಡಿಯೋ ಅವರನ್ನು ಕಳಿಸಿಬಿಟ್ಟಿತು, ಯಹೂದಿ ಎಂದು. ಚಿತ್ರ ಬಿಡುಗಡೆಯಾದಾಗ ಥೆಕ್ಲಾ ತಾವೇ ಟಿಕೆಟ್ಟು ಕೊಂಡು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದರು. ತೆರೆಯ ಮೇಲೆ ಅವರ ಮುಖ ಇತ್ತು. ಹೆಸರು ಇರಲಿಲ್ಲ.

ಆಮೇಲೆ ವಿಯೆನ್ನಾ, ಪ್ರಾಗ್, ಪ್ಯಾರಿಸ್. ಕೊನೆಗೆ ಇಲ್ಲಿ. ಇಲ್ಲಿ ಅವರು ಕೆಲಸದವಳಾದರು, ದಾದಿಯಾದರು, ತಲೆಗೆ ವಸ್ತ್ರ ಕಟ್ಟಿಕೊಂಡು ರೈಲುನಿಲ್ದಾಣದಲ್ಲಿ ನಿಂತ ನಿರಾಶ್ರಿತಳಾದರು. ಯಾವುದಕ್ಕೂ ಹೆಸರು ಹಾಕಲಿಲ್ಲ.

ಕರಾರು ಬಂದ ಭಾನುವಾರ ಎಂದಿನಂತೆ ಅವರ ಬಾಡಿಗೆ ಕೋಣೆಯಲ್ಲಿ ಕಾಫಿ ಇತ್ತು. ಪ್ಲಮ್ ಹಣ್ಣಿನ ಕೇಕು, ಆರು ಬಟ್ಟಲು, ಆರೂ ಬೇರೆ ಬೇರೆ ಬಣ್ಣದವು. ನನ್ನ ಜೊತೆ ಸೀಗ್ಬರ್ಟ್ ಪಿಂಕುಸ್ ಬಂದಿದ್ದರು. ಬರ್ಲಿನ್ನಿನ ಹಾಸ್ಯರಂಗದಲ್ಲಿ ಇಪ್ಪತ್ತು ವರ್ಷ ಜನರನ್ನು ನಗಿಸಿದ ಮುದುಕ. ಗ್ರಂಥಪಾಲಕನ ಪಾತ್ರ ಅವರಿಗೆ ಸಿಕ್ಕಿತ್ತು.

“ಅಮ್ಮಾವ್ರೇ, ಒಳ್ಳೆ ಕಾಲ ಬಂತು,” ಅಂದರು ಪಿಂಕುಸ್, ಕೇಕು ಅಗಿಯುತ್ತ. “ಹಿಟ್ಲರ್ ಓಡಿಸಿದೋರಿಗೆಲ್ಲ ಹಿಟ್ಲರನ ಚಾಕರಿ. ನಮ್ಮ ಮನೆಮಾಲೀಕಳ ಮೈದುನ, ಯಹೂದಿ ಧರ್ಮಗುರುಗಳ ಮಗ, ಈಗ ಕಾವಲು ಪಡೆಯ ಸಿಪಾಯಿ. ಯೂನಿಫಾರ್ಮ್ ಅವನಿಗೆ ಎಷ್ಟು ಒಪ್ಪುತ್ತೆ ಅಂದ್ರೆ, ಅವರಮ್ಮ ನೋಡಿ ಅತ್ತುಬಿಟ್ಳು.”

“ಹೆದರಿ ಅತ್ತಳೋ, ಹೆಮ್ಮೆಗೆ ಅತ್ತಳೋ?” ಎಂದರು ಥೆಕ್ಲಾ.

“ಅಳತೆ ಸರಿಯಾಗಿದೆಯಲ್ಲ ಅಂತ ಅತ್ಳು. ಅವಳ ಅಪ್ಪ ದರ್ಜಿ.”

ನಾನು ನಕ್ಕೆ. ಪಿಂಕುಸ್ ನನ್ನ ಕಡೆ ತಿರುಗಿದರು. “ನೋಡಿ, ಡಾಕ್ಟ್ರು ನಕ್ಕರು. ಗ್ರೀಕ್ ನಾಟಕದ ಮೌನದ ಮೇಲೆ ನಾನೂರು ಪುಟ ಬರೆದೋರು. ಅಷ್ಟು ಪುಟ ಬರೆಯೋ ಬದಲು ಸುಮ್ಮನೆ ಇರಬಹುದಿತ್ತಲ್ಲ ಡಾಕ್ಟ್ರೇ.”

ಐದು ಗಂಟೆಗೇ ಅವರು ಎದ್ದು ಹೊರಟರು. ಬಸ್ಸು ಎರಡು ಬದಲಾಯಿಸಬೇಕಿತ್ತು, ರಾತ್ರಿ ಎಂಟರ ಒಳಗೆ ಮನೆ ಸೇರಲೇಬೇಕಿತ್ತು. ಯುದ್ಧ ಶುರುವಾದ ಮೇಲೆ ನಮಗೆಲ್ಲ ಆ ಕಾನೂನು. ಹಿಟ್ಲರ್ ನಮ್ಮನ್ನು ಜರ್ಮನರಲ್ಲ ಎಂದು ಓಡಿಸಿದ್ದ. ಇಲ್ಲಿನ ಕಾಗದದಲ್ಲಿ ನಾವು ಜರ್ಮನರು, ಶತ್ರುದೇಶದವರು. ಎಂಟರಿಂದ ಬೆಳಗಿನ ಆರರವರೆಗೆ ಬಾಗಿಲು ದಾಟುವಂತಿಲ್ಲ.

ಪಿಂಕುಸ್ ಹೋದ ಮೇಲೆ ನಾವು ದೃಶ್ಯವನ್ನು ಓದಿದೆವು. ಅಧಿಕಾರಿಣಿ ಕಿರುಚುತ್ತಾಳೆ. ಪುಸ್ತಕ ಎಸೆಯುತ್ತಾಳೆ. ಮುದುಕನ ಕೆನ್ನೆಗೆ ಹೊಡೆಯುತ್ತಾಳೆ. ಮುದುಕ ಬಾಗಿಲಲ್ಲಿ ನಿಂತು ಪುಸ್ತಕಗಳು ಸಾಯುವುದಿಲ್ಲ ಎಂದು ಒಂಬತ್ತು ಸಾಲಿನ ಮಾತಾಡುತ್ತಾನೆ.

ಥೆಕ್ಲಾ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅಂಚು ಸರಿಮಾಡಿದರು.

“ನನ್ನ ಹತ್ರ ಯಾರೂ ಕಿರುಚಲಿಲ್ಲ ಡಾಕ್ಟರ್,” ಎಂದರು. “ಬರ್ಲಿನ್ ಸ್ಟುಡಿಯೋದಲ್ಲಿ ಟೀಡೆಮಾನ್ ಅಂತ ಒಬ್ಬ ಮ್ಯಾನೇಜರ್ ಇದ್ದ. ನನ್ನ ಕೋಣೆ ಬಾಗಿಲು ತಟ್ಟಿ, ‘ಬರಬಹುದಾ’ ಅಂತ ಕೇಳಿ ಬಂದ. ‘ನಾಳೆಯಿಂದ ತಾವು ತೊಂದ್ರೆ ತಗೋಬೇಕಾಗಿಲ್ಲ, ಮೇಡಂ’ ಅಂದ. ಕೀಲಿ ಕೇಳಿದ. ಕೊಟ್ಟೆ. ಮೊಳೆಯಲ್ಲಿ ನನ್ನ ಕೋಟಿತ್ತು. ತೆಗೆದು, ಎರಡೂ ತೋಳು ಸರಿಯಾಗಿ ಹಿಡಿದು ನಿಂತ. ನಾನು ಕೈ ತೂರಿಸಿದೆ. ಕಾಲರ್ ಕೂಡ ಸರಿಮಾಡಿದ.”

“ಆಮೇಲೆ?”

“ಆಮೇಲೆ ಏನು. ಥ್ಯಾಂಕ್ಸ್ ಅಂದೆ.”

ಕಿಟಕಿಯ ಹೊರಗೆ ಯಾರೋ ಹುಲ್ಲಿಗೆ ನೀರು ಬಿಡುತ್ತಿದ್ದರು.

“ಒಂಬತ್ತು ವರ್ಷ ಆಯ್ತು. ದೇಶ ಹೋಯ್ತು, ಸಾಮಾನು ಹೋಯ್ತು, ಅದಕ್ಕೆಲ್ಲ ನಾಚಿಕೆ ಇಲ್ಲ. ಆ ಒಂದು ಮಾತಿಗೆ ನಾಚಿಕೆ. ನನ್ನ ಬಾಳು ಕಿತ್ತುಕೊಂಡವನಿಗೆ ಥ್ಯಾಂಕ್ಸ್ ಹೇಳಿ ಬಂದವಳು ನಾನು. ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.”

“ಇದನ್ನ ನಿರ್ದೇಶಕರಿಗೆ ಹೇಳಿದ್ರೆ...”

“ಹೇಳೋದಿಲ್ಲ. ಮಾಡ್ತೀನಿ.”

“ಅವರು ಒಪ್ಪದೇ ಇದ್ರೆ ಹೆಸರು ಹೋಗುತ್ತೆ, ಫ್ರಾವ್ ಲೆವಾಂಡರ್.”

“ಹೆಸರು ಬೇಕು. ಎಷ್ಟು ಬೇಕು ಅಂತ ನಿಮಗೆ ಗೊತ್ತು,” ಎಂದರು ಅವರು. “ಆದ್ರೆ ಈ ಕಿರುಚೋ ಹೆಂಗಸಿನ ಕೆಳಗೆ ಬೇಡ. ಟೀಡೆಮಾನ್ ಇದನ್ನ ನೋಡಿದ್ರೆ, ‘ನಾನು ಹೀಗಿರಲಿಲ್ಲವಲ್ಲ’ ಅಂತ ನೆಮ್ಮದಿಯಾಗಿ ಮಲಗ್ತಾನೆ.”

ಎರಡು ವಾರದ ಮೇಲೆ, ಚಿತ್ರೀಕರಣದ ಎರಡನೆಯ ದಿನ ಸಂಜೆ ಅವರ ದೃಶ್ಯ ಬಂತು. ಗ್ರಂಥಾಲಯದ ಸೆಟ್ಟಿನ ಸುತ್ತ ನಾಜಿ ಯೂನಿಫಾರ್ಮಿನ ಹನ್ನೆರಡು ಜನ ಪೆಟ್ಟಿಗೆಗಳ ಮೇಲೆ ಕುಳಿತು ಬ್ರೆಡ್ಡು ತಿನ್ನುತ್ತಿದ್ದರು. ಎಲ್ಲರೂ ನಮ್ಮವರೇ. ಒಬ್ಬ ಹ್ಯಾಂಬರ್ಗಿನ ವಕೀಲ, ಒಬ್ಬ ಪಿಟೀಲು ವಾದಕ, ಮನೆಮಾಲೀಕಳ ಮೈದುನ. ಬೂಟಿನ ಅಳತೆ ತಪ್ಪಿ ಕಾಲು ಉಜ್ಜಿಕೊಳ್ಳುತ್ತಿದ್ದರು. ಥೆಕ್ಲಾ ಬೂದುಬಣ್ಣದ ಯೂನಿಫಾರ್ಮಿನಲ್ಲಿ ಒಳಗೆ ಬಂದಾಗ ವಕೀಲರು ಬ್ರೆಡ್ಡು ಕೆಳಗಿಟ್ಟು ಎದ್ದು ನಿಂತುಬಿಟ್ಟರು. ಗೌರವಕ್ಕೋ ಹೆದರಿಕೆಗೋ ಅವರಿಗೇ ತಿಳಿದಿರಲಿಲ್ಲ.

“ಕೂತ್ಕೊಳ್ಳಿ ವಕೀಲರೇ,” ಎಂದರು ಪಿಂಕುಸ್. “ಅಮ್ಮಾವ್ರು ಇವತ್ತು ನನ್ನೊಬ್ಬನ್ನ ಮಾತ್ರ ಕೊಲ್ಲೋದು.”

ನಿರ್ದೇಶಕ ಹ್ಯಾಲೋರನ್ ಕೆಟ್ಟವನಲ್ಲ. ಗಡಿಬಿಡಿಯ ಮನುಷ್ಯ, ಅಷ್ಟೆ. ಮೊದಲ ಸಲ ಥೆಕ್ಲಾ ಒಳಗೆ ಬಂದು, ಮೃದುವಾಗಿ ಮಾತಾಡಿ, ಕೀಲಿಗೆ ಕೈ ಚಾಚಿದೊಡನೆ ಅವನು ಕ್ಯಾಮೆರಾ ನಿಲ್ಲಿಸಿದ.

“ಮೇಡಂ, ಇವಳು ನಾಜಿ. ಮಗುಗೆ ಜೋಗುಳ ಹಾಡೋ ಹಾಗೆ ಹೇಳಿದ್ರಿ. ಕಿರುಚಬೇಕು.”

“ಇವಳಿಗೆ ಕಿರುಚೋ ಅಗತ್ಯ ಇಲ್ಲ, ಮಿಸ್ಟರ್ ಹ್ಯಾಲೋರನ್. ಕೀಲಿ ಹೇಗೂ ಸಿಗುತ್ತೆ.”

“ಅಗತ್ಯ ಅವಳಿಗಲ್ಲ, ನನಗೆ. ಹಿಂದಿನ ಸಾಲಿನೋನಿಗೆ ಇವಳು ಕೆಟ್ಟೋಳು ಅಂತ ತಿಳೀಬೇಕು.”

ಎರಡನೆಯ ಸಲವೂ ಥೆಕ್ಲಾ ಹಾಗೆಯೇ ಮಾಡಿದರು. ಇನ್ನೂ ಮೆಲ್ಲಗೆ. ಹ್ಯಾಲೋರನ್ ಟೋಪಿ ತೆಗೆದು ಮಂಡಿಗೆ ಹೊಡೆದುಕೊಂಡ. ಕತ್ತಲಿಂದ ಒಬ್ಬ ಅಮೆರಿಕನ್ ಹುಡುಗಿಯನ್ನು ಕರೆಸಿದ. ಅವಳೂ ಅದೇ ಯೂನಿಫಾರ್ಮಿನಲ್ಲಿದ್ದಳು. ಬೆಳಗಿನಿಂದಲೇ ಸಿದ್ಧಮಾಡಿ ಇಟ್ಟಿದ್ದರು.

“ಗಂಟೆ ಆರೂವರೆ. ಏಳಕ್ಕೆ ನಿಮ್ಮ ಕಡೆಯೋರನ್ನೆಲ್ಲ ನಾನು ಬಿಡಬೇಕು, ಇಲ್ಲದಿದ್ರೆ ಪೊಲೀಸು ನನ್ನ ನಾಜಿಗಳನ್ನ ಹಿಡ್ಕೊಂಡು ಹೋಗ್ತಾರೆ. ಇನ್ನೊಂದು ಸಲ. ಸರಿ ಬರದಿದ್ರೆ ಈ ಹುಡುಗಿ ಕಿರುಚ್ತಾಳೆ. ಬೇಜಾರು ಮಾಡ್ಕೋಬೇಡಿ.”

ಥೆಕ್ಲಾ ದೀಪಗಳ ಹಿಂದಕ್ಕೆ ಬಂದರು. ನಾನು ಅವರ ಎಡಭುಜದ ಮೇಲಿಂದ ಮೂರು ಸಲ ತೂ ತೂ ತೂ ಎಂದೆ. ನಮ್ಮ ರಂಗಭೂಮಿಯ ಪದ್ಧತಿ ಅದು, ದೃಷ್ಟಿ ತಾಗದಿರಲಿ ಎಂದು. ಅದಕ್ಕೆ ಥ್ಯಾಂಕ್ಸ್ ಹೇಳಬಾರದು. ಹೇಳಿದರೆ ಅಂದಿನ ಆಟ ಕೆಡುತ್ತದೆ. ಥೆಕ್ಲಾ ಹೇಳಲಿಲ್ಲ. ಹದಿನೇಳನೆಯ ವಯಸ್ಸಿನಿಂದ ಪ್ರತಿ ಸಂಜೆ ಆ ಮಾತನ್ನು ನುಂಗಿ ಅಭ್ಯಾಸವಿದ್ದವರು, ಜೀವನದಲ್ಲಿ ನುಂಗಲೇಬೇಕಾಗಿದ್ದ ಒಂದೇ ದಿನ ನುಂಗಲಾಗದೆ ಹೋದರಲ್ಲ ಎಂದು ನನಗೆ ಆಗ ಹೊಳೆಯಿತು.

“ಕಿರುಚಿ ಬಿಡಿ,” ಎಂದೆ ಮೆತ್ತಗೆ. “ಒಂದು ಸಲ.”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಟೋಪಿ ನೇರ ಮಾಡಿಕೊಂಡು ಬೆಳಕಿಗೆ ಹೋದರು.

ಬಾಗಿಲು ತಟ್ಟಿದರು. ತೆರೆದೇ ಇದ್ದ ಬಾಗಿಲು. ಪಿಂಕುಸ್ ತಲೆ ಎತ್ತಿದರು.

“ನಾಳೆಯಿಂದ ತಾವು ತೊಂದರೆ ತಗೋಬೇಕಾಗಿಲ್ಲ, ಪ್ರೊಫೆಸರ್.”

ಕೈ ಚಾಚಿದರು. ಪಿಂಕುಸ್ ಕೀಲಿಗೊಂಚಲು ಕೊಟ್ಟರು. ಇಲ್ಲಿ ಹೊಡೆತ ಬೀಳಬೇಕಿತ್ತು. ಥೆಕ್ಲಾ ಗೋಡೆಯ ಕಡೆ ಹೋಗಿ ಮೊಳೆಯಿಂದ ಮುದುಕನ ಕೋಟು ತೆಗೆದರು. ಕ್ಯಾಮೆರಾಕ್ಕೆ ಪೂರ್ತಿ ಬೆನ್ನು. ಬ್ರೆಸ್ಲಾವಿನ ಅಗ್ಗದ ಸೀಟಿನಿಂದ ನಾನು ಕಂಡಿದ್ದ ಅದೇ ಬೆನ್ನು. ಈಗ ಅದು ಅಳುತ್ತಿರಲಿಲ್ಲ. ಮನೆಗೆ ಬಂದ ಅತಿಥಿಯನ್ನು ಕಳಿಸಿಕೊಡುವ ಬೆನ್ನಾಗಿತ್ತು. ತಿರುಗಿ, ಎರಡೂ ತೋಳು ಸರಿಯಾಗಿ ಹಿಡಿದು ನಿಂತರು. ಪಿಂಕುಸ್ ಒಂದು ಕೈ ತೂರಿಸಿದರು, ಇನ್ನೊಂದು ತೂರಿಸಿದರು. ಥೆಕ್ಲಾ ಕಾಲರ್ ಸರಿಮಾಡಿದರು.

ಇನ್ನು ಒಂಬತ್ತು ಸಾಲಿನ ಇಂಗ್ಲಿಷ್ ಮಾತು. ಪಿಂಕುಸ್ ಅದನ್ನು ಹದಿನೈದು ದಿನ ನನ್ನಲ್ಲಿ ಉರು ಹೊಡೆದಿದ್ದರು. ಬಾಗಿಲ ಕಡೆ ತಿರುಗಿದರು, ಬಾಯಿ ತೆರೆದರು.

“ದಾಂಕೆ ಶ್ಯೋನ್,” ಎಂದರು.

ಥ್ಯಾಂಕ್ಸ್, ನಮ್ಮ ಭಾಷೆಯಲ್ಲಿ. ಅವರು ಹೇಳಲು ಹೊರಟದ್ದಲ್ಲ ಅದು. ಬಾಯಿಂದ ಬಂದದ್ದು ಕಿವಿಗೆ ಬಿದ್ದ ಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು. ಮುಂದಿನ ಮಾತು ಬರಲಿಲ್ಲ. ಇಪ್ಪತ್ತು ವರ್ಷ ವೇದಿಕೆಯ ಮೇಲೆ ಒಂದು ಕ್ಷಣವೂ ಸುಮ್ಮನಿರದ ಮನುಷ್ಯ ಅಲ್ಲಿ ಕೋಟು ತೊಟ್ಟುಕೊಂಡು ಸುಮ್ಮನೆ ನಿಂತಿದ್ದರು.

ನನ್ನ ಪಕ್ಕದಲ್ಲಿ ವಕೀಲರು ನಾಜಿ ಟೋಪಿಯನ್ನು ತಲೆಯಿಂದ ತೆಗೆದು ಎದೆಗೆ ಹಿಡಿದರು. ಉಳಿದವರೂ ತೆಗೆದರು. ಪಿಟೀಲಿನವರು ನೆಲ ನೋಡುತ್ತಿದ್ದರು. ಮೌನದ ಮೇಲೆ ನಾನೂರು ಪುಟ ಬರೆದವನು ನಾನು, ಇಂಥದ್ದೊಂದನ್ನು ಕೇಳಿರಲಿಲ್ಲ. ಅಲ್ಲಿದ್ದ ಹನ್ನೆರಡೂ ಜನ ಯಾವುದೋ ಒಂದು ಕಚೇರಿಯಲ್ಲಿ, ಯಾವುದೋ ಒಂದು ಬಾಗಿಲಲ್ಲಿ, ಆ ಮಾತು ಹೇಳಿ ಬಂದವರು. ಅದು ತಮ್ಮೊಬ್ಬರ ನಾಚಿಕೆ ಎಂದು ಪ್ರತಿಯೊಬ್ಬರೂ ಒಂಬತ್ತು ವರ್ಷ ಬಚ್ಚಿಟ್ಟುಕೊಂಡಿದ್ದರು. ನಾನೂ. ಬ್ರೆಸ್ಲಾವಿನ ವಿಶ್ವವಿದ್ಯಾಲಯದಿಂದ ನನ್ನನ್ನು ಕಳಿಸಿದ ದಿನ ನನ್ನ ಪ್ರಬಂಧವನ್ನು ಹಿಂದಿರುಗಿಸಿದ ಗುಮಾಸ್ತ ಅದನ್ನು ದಾರದಿಂದ ಅಂದವಾಗಿ ಕಟ್ಟಿಕೊಟ್ಟಿದ್ದ.

ಕ್ಯಾಮೆರಾ ಇನ್ನೂ ಓಡುತ್ತಿತ್ತು. ಬಹಳ ಹೊತ್ತಿನ ಮೇಲೆ ಹ್ಯಾಲೋರನ್ ಕೈ ಎತ್ತಿ ನಿಲ್ಲಿಸಿದ.

“ಏನಂದ್ರು ಅವರು?” ಎಂದು ನನ್ನನ್ನು ಕೇಳಿದ.

“ಥ್ಯಾಂಕ್ಸ್ ಅಂದ್ರು.”

“ಅವಳಿಗಾ? ಯಾಕೆ?”

ಥೆಕ್ಲಾ ಸೆಟ್ಟಿನ ಮಧ್ಯದಿಂದಲೇ ಹೇಳಿದರು, ಆರು ವರ್ಷ ದುಡಿದು ಗಳಿಸಿದ ಆ ಜರ್ಮನ್ ವಾಸನೆಯಿಲ್ಲದ ಇಂಗ್ಲಿಷಿನಲ್ಲಿ: “ಕೋಟು ಹಿಡಿದ್ರೆ ಹೇಳಲೇಬೇಕಲ್ಲ, ಮಿಸ್ಟರ್ ಹ್ಯಾಲೋರನ್. ನಮ್ಮನ್ನ ಹಾಗೆ ಬೆಳೆಸಿದ್ರು. ನಮ್ಮನ್ನ ಹೊರಗೆ ಹಾಕಿದೋರಿಗೂ ಅದು ಗೊತ್ತಿತ್ತು.”

ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ತನ್ನ ನಾಜಿಗಳನ್ನು ಹ್ಯಾಲೋರನ್ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಆ ಹುಡುಗಿಯ ಕಡೆ ತಿರುಗಿ, “ನೀನು ಮನೆಗೆ ಹೋಗಮ್ಮ,” ಎಂದ. ಚಿತ್ರಕಥೆಯ ಹಾಳೆ ಹಿಡಿದಿದ್ದ ಗುಮಾಸ್ತೆಗೆ, “ಇದನ್ನೇ ಇಟ್ಕೊಳ್ಳಿ. ಆ ಒಂಬತ್ತು ಸಾಲು ಹೊಡೆದುಹಾಕಿ,” ಎಂದ.

“ನನ್ನ ಒಂಬತ್ತು ಸಾಲು,” ಎಂದರು ಪಿಂಕುಸ್. “ಹದಿನೈದು ದಿನ ಬಸ್ಸಲ್ಲೆಲ್ಲ ಒದರಿದ್ದೀನಿ. ಕಂಡಕ್ಟರಿಗೂ ಬಾಯಿಪಾಠ ಆಗಿದೆ.”

ಏಳು ಗಂಟೆಗೆ ಹೊರಟೆವು. ಬಟ್ಟೆ ಬದಲಿಸಿ ಬಂದ ಥೆಕ್ಲಾ ಅವರ ಹಳೆಯ ಕಂದು ಕೋಟನ್ನು ಪಿಂಕುಸ್ ಹಿಡಿದು ನಿಂತಿದ್ದರು, ತೋಳುಗಳನ್ನು ತೆರೆದು. ಥೆಕ್ಲಾ ಅದನ್ನು ಅವರ ಕೈಯಿಂದ ತೆಗೆದುಕೊಂಡು, ತಾವೇ ತೊಟ್ಟು, ತಾವೇ ಕಾಲರ್ ಸರಿಮಾಡಿಕೊಂಡರು.

“ಇನ್ನು ಮೇಲೆ ನಾನೇ ಹಾಕ್ಕೋತೀನಿ ಪಿಂಕುಸ್,” ಎಂದರು. ಅವರ ಕೈಯನ್ನು ತಮ್ಮ ತೋಳಿನೊಳಗೆ ಸೇರಿಸಿಕೊಂಡು ಬಸ್ಸಿನ ಕಡೆ ನಡೆದರು.

ಚಿತ್ರ ನವೆಂಬರಿನಲ್ಲಿ ಬಂತು. ಎಂಟರ ಕಾನೂನು ಇನ್ನೂ ಇದ್ದುದರಿಂದ ಎರಡು ಗಂಟೆಯ ಆಟಕ್ಕೆ ಹೋದೆವು, ಭಾನುವಾರದ ಕಾಫಿ ತಪ್ಪಿಸಿ. ವಕೀಲರು, ಪಿಟೀಲಿನವರು, ಮೈದುನ, ಅವನ ಅಮ್ಮ, ಎಲ್ಲರೂ ಒಂದೇ ಸಾಲು. ಥೆಕ್ಲಾ ಹಿಂದಿನ ಸಾಲು ಬೇಡವೆಂದರು. ನಡುವೆ ಕುಳಿತರು.

ಕಡೆಯಲ್ಲಿ ಹೆಸರುಗಳು ಬಂದವು. ಥೆಕ್ಲಾ ಲೆವಾಂಡರ್, ಮೇಲಿನಿಂದ ಹನ್ನೊಂದನೆಯದು. ಜನ ಆಗಲೇ ಎದ್ದು ಹೊರಡುತ್ತಿದ್ದರು, ನಮ್ಮ ಸಾಲು ಮಾತ್ರ ಏಳಲಿಲ್ಲ.

“ಅಕ್ಷರ ಬಹಳ ಸಣ್ಣದು ಅಮ್ಮಾವ್ರೇ,” ಎಂದು ಪಿಂಕುಸ್ ಪಿಸುಗುಟ್ಟಿದರು. “ಕನ್ನಡಕ ತರಬೇಕಾಗಿತ್ತು.”

“ನನಗೆ ಕಾಣ್ತು,” ಎಂದರು ಥೆಕ್ಲಾ.