ಮೂರನೇ ಮಹಡಿಯ ಕೇಬಲ್

ಎಲ್ಲ ಮಹಡಿಗಳ ಕೇಬಲ್ ಬಂದು ಸೇರುವ ಸ್ವಿಚ್ಚು ಪೆಟ್ಟಿಗೆಯ ಇಪ್ಪತ್ನಾಲ್ಕು ದೀಪಗಳೂ ಒಟ್ಟಿಗೇ, ಬಿಡುವಿಲ್ಲದೆ ಮಿಣುಕುತ್ತಿದ್ದವು. ತಂತಿಯಕ್ಕ ಕನ್ನಡಕವನ್ನು ಹಣೆಗೇರಿಸಿ ಅರೆಗಳಿಗೆ ನೋಡಿದಳು. ಆಸ್ಪತ್ರೆಯ ಕಂಪ್ಯೂಟರ್ ಜಾಲವನ್ನು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಅವಳಿಗೆ ಆ ಹೆಸರನ್ನು ಯಾರಿಟ್ಟರೋ, ಈಗ ವೈದ್ಯರೂ ಹಾಗೇ ಕರೆಯುತ್ತಿದ್ದರು.

"ಎಷ್ಟು ಹೊತ್ತಾಗುತ್ತೆ?" ಬಾಗಿಲಲ್ಲಿ ನಿಂತಿದ್ದ ಆಡಳಿತಾಧಿಕಾರಿ ಕೇಳಿದರು.

ಕೆಳಗೆ ಆಪರೇಷನ್ ಕೋಣೆಯಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದ ಗಾರೆ ಕೆಲಸದವನೊಬ್ಬ ಮಲಗಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಸರ್ಜನ್ ಸ್ಕ್ಯಾನ್ ಕೋಣೆಗೇ ಹೋಗಿ ಒಮ್ಮೆ ಚಿತ್ರ ನೋಡಿ ಬಂದಿದ್ದರು. ಆದರೆ ಕತ್ತಿ ಹಿಡಿದಾಗ ಅದು ಕಣ್ಣೆದುರಿಗೇ ಇರಬೇಕು. ಜಾಲದ ಮೂಲಕ ಚಿತ್ರ ಬರಬೇಕಿದ್ದ ಗೋಡೆಯ ಪರದೆ ಖಾಲಿಯಿತ್ತು.

"ಏನೂ ಕೆಟ್ಟಿಲ್ಲ ಸರ್. ಎಲ್ಲೋ ಒಂದು ಕೇಬಲ್‌ನ ಎರಡೂ ತುದಿ ಒಂದೇ ಪೆಟ್ಟಿಗೆಗೆ ಸೇರಿವೆ. ಒಂದೇ ಮಾತು ಸುತ್ತಿ ಸುತ್ತಿ ಬರ್ತಿದೆ."

ಅವಳು ಆತುರಪಡಲಿಲ್ಲ. ಒಂದೊಂದು ಮಹಡಿಯ ಕೇಬಲನ್ನು ಕಿತ್ತು, ದೀಪ ನೋಡಿ, ಮತ್ತೆ ಸಿಕ್ಕಿಸಿದಳು. ಮೂರನೇ ಮಹಡಿಯದನ್ನು ಕಿತ್ತೊಡನೆ ದೀಪಗಳು ತಣ್ಣಗಾಗಿ, ತಮ್ಮ ತಮ್ಮ ಪಾಡಿಗೆ ಮಿನುಗತೊಡಗಿದವು. ಫೋನು ರಿಂಗಾಯಿತು. ಆಡಳಿತಾಧಿಕಾರಿ ಕಿವಿಗಿಟ್ಟುಕೊಂಡು, "ಚಿತ್ರ ಬಂತಂತೆ" ಎಂದರು. ಅಷ್ಟು ಹೊತ್ತಿಗೆ ಅವಳು ಮೆಟ್ಟಿಲಲ್ಲಿದ್ದಳು.

ಮೂರನೇ ಮಹಡಿಯ ದಾದಿಯರ ಕೋಣೆಯಲ್ಲಿ ಆಯಾ ಒಬ್ಬಳೇ ಗೋಡೆಗೆ ಒತ್ತಿ ನಿಂತಿದ್ದಳು. ಹಂಗಾಮಿ ಕೆಲಸದವಳು, ಬರುವ ತಿಂಗಳು ಖಾಯಂ ಆಗಬೇಕಿತ್ತು.

"ನೆಲ ಒರೆಸುವಾಗ ಈ ತುದಿ ಕಾಲಿಗೆ ಸಿಕ್ತು ಅಕ್ಕಾ. ಮೇಜಿನ ಕೆಳಗಿನ ಆ ಪುಟ್ಟ ಪೆಟ್ಟಿಗೇಲಿ ಒಂದು ತೂತು ಖಾಲಿ ಇತ್ತು. ಸಿಕ್ಕಿಸಿಬಿಟ್ಟೆ. ಹೊರಗೆ ಎಲ್ಲರೂ ಬಾಯಿ ಬಡ್ಕೊಳ್ಳೋದು ಕೇಳಿ ಕೈಕಾಲೇ ಆಡಲಿಲ್ಲ."

ತಂತಿಯಕ್ಕ ಮೇಜಿನ ಕೆಳಗೆ ಬಗ್ಗಿ ಆ ತುದಿಯನ್ನು ಕಿತ್ತಳು. ಹೋದ ವಾರ ಇಲ್ಲಿದ್ದ ಪ್ರಿಂಟರನ್ನು ಪಕ್ಕದ ಕೋಣೆಗೆ ಸಾಗಿಸಿದವಳು ತಾನೇ. ಅದರ ಕೇಬಲ್‌ನ ಒಂದು ತುದಿ ಪೆಟ್ಟಿಗೆಯಲ್ಲೇ ಉಳಿದಿತ್ತು, ಇನ್ನೊಂದು ನೆಲದ ಮೇಲೆ. ನಾಳೆ ಸುತ್ತಿಟ್ಟರಾಯಿತು ಎಂದುಕೊಂಡಿದ್ದಳು.

ತಂತಿಯಕ್ಕ ನೆಲದ ಮೇಲೇ ಕುಳಿತು, ಆಯಾಳನ್ನೂ ಕೂರಿಸಿಕೊಂಡಳು.

"ಇದು ಜಾಣ ಪೆಟ್ಟಿಗೆ ಕಣೇ. ಒಂದೊಂದು ತೂತೂ ಒಂದೊಂದು ಬಾಗಿಲು. ಬರೋ ಮಾತೆಲ್ಲ ಲಕೋಟೆ ಥರ ಬರುತ್ತೆ, ಫ್ರೇಮು ಅಂತೀವಿ. ಮೇಲೆ ಯಾರಿಗೆ, ಯಾರಿಂದ ಅಂತ ಇರುತ್ತೆ. ಯಾರಿಂದ ಅನ್ನೋದನ್ನ ಓದಿ, ಓಹೋ ಇವರು ಈ ಬಾಗಿಲಲ್ಲಿದ್ದಾರೆ ಅಂತ ತಾನೇ ನೆನಪಿಟ್ಟುಕೊಳ್ಳುತ್ತೆ. ಇನ್ನೊಂದು ಸಲ ಅವರಿಗೆ ಬಂದದ್ದು ಸೀದಾ ಆ ಬಾಗಿಲಿಗೇ."

"ಯಾರೂ ಹೇಳಿಕೊಡದೇನೇ?"

"ಯಾರೂ ಹೇಳಿಕೊಡದೇನೇ."

"ನಮ್ಮ ಯಜಮಾನ್ರಿಗೆ ಬೀಗದ ಕೈ ಇಟ್ಟ ಜಾಗವೇ ನೆನಪಿರಲ್ಲ," ಎಂದಳು ಆಯಾ, ಮೂಗೊರೆಸಿಕೊಳ್ಳುತ್ತ.

"ಎಲ್ಲರಿಗೂ ಅಂತ ಬರೆದು ಬಂದದ್ದನ್ನ ಮಾತ್ರ, ಅದು ಬಂದ ಬಾಗಿಲು ಬಿಟ್ಟು ಉಳಿದೆಲ್ಲದಕ್ಕೂ ಕಳಿಸುತ್ತೆ. ಈ ಕೇಬಲ್ಲಿಂದ ಹೊರಗೆ ಹೋದದ್ದು ಇನ್ನೊಂದು ತುದಿಯಿಂದ ಒಳಗೇ ಬಂತು. ಮತ್ತೆ ಕಳಿಸ್ತು. ಸುಸ್ತು ಅನ್ನೋದು ಅದಕ್ಕೆ ಗೊತ್ತಿಲ್ಲ."

ಆಯಾ ಆ ಪುಟ್ಟ ಪೆಟ್ಟಿಗೆಯನ್ನು ಹೊಸದಾಗಿ ನೋಡಿದಳು. ಆಮೇಲೆ ಮೆಲ್ಲನೆ, "ನನ್ನ ಕೆಲಸ ಹೋಗುತ್ತಾ?" ಎಂದಳು.

ತಂತಿಯಕ್ಕ ಕೇಬಲನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಎದ್ದಳು.

ಮಧ್ಯಾಹ್ನ ಅವಳು ಕೊಟ್ಟ ವರದಿಯನ್ನು ಆಡಳಿತಾಧಿಕಾರಿ ಎರಡು ಸಲ ಓದಿದರು. "ಹೀಗೆ ಬರೆದರೆ ನಿಮ್ಮ ಫೈಲಿಗೆ ಕಪ್ಪು ಚುಕ್ಕೆ ಬೀಳುತ್ತೆ. ಆಯಾ ಸಿಕ್ಕಿಸಿದಳು ಅಂತ ಬರೆದರೆ ಇಲ್ಲಿಗೇ ಮುಗೀತು."

"ನೆಲ ಒರೆಸೋಳು ನೆಲ ಒರೆಸಿದಳು ಸರ್. ಕೇಬಲ್ ಬಿಟ್ಟು ಹೋದೋಳು ನಾನು."

ಅವರು ಪೆನ್ನು ಹುಡುಕುವವರಂತೆ ಡ್ರಾಯರ್ ತೆರೆದು ಮುಚ್ಚಿದರು. ಪೆನ್ನು ಜೇಬಿನಲ್ಲೇ ಇತ್ತು. ಸಹಿ ಹಾಕಿ ಕಾಗದವನ್ನು ಹಿಂದಕ್ಕೆ ತಳ್ಳುವಾಗ, ಎದ್ದು ನಿಂತಿದ್ದರು.

ಹೊರಗೆ ಓಣಿಯಲ್ಲಿ ಗಾಲಿಮಂಚವೊಂದು ಬರುತ್ತಿತ್ತು. ತಲೆಗೆ ಬಿಳಿಯ ಪಟ್ಟಿ ಸುತ್ತಿಕೊಂಡ ಗಾರೆ ಕೆಲಸದವನು ನಿದ್ರೆಯಲ್ಲಿದ್ದ. ಸಿಮೆಂಟಿನಿಂದ ಒಡೆದ ಅವನ ಕೈಯೊಂದು ಹೊದಿಕೆಯಿಂದ ಹೊರಗೆ ಜೋತಿತ್ತು. ಮಂಚವನ್ನು ತಳ್ಳುತ್ತಿದ್ದ ಅದೇ ಆಯಾ ನಿಂತು, ಆ ಕೈಯನ್ನೆತ್ತಿ ಹೊದಿಕೆಯೊಳಗಿಟ್ಟಳು. ತಂತಿಯಕ್ಕ ಗೋಡೆಗೆ ಸರಿದು ದಾರಿ ಬಿಟ್ಟಳು.