ಹತ್ತು ಹೆಜ್ಜೆ ಹಿಂದೆ

ಸ್ಟೀಲ್ ಸ್ಕೇಲಿನ ತುದಿ ನನ್ನ ಮೇಜಿನ ಅಂಚಿಗೆ ಟಕ್ ಟಕ್ ಎನ್ನುತ್ತಿದೆ, ಅಂದರೆ ಅಳತೆ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತಿದ್ದಾರೆ, ಅದು ಆಫೀಸಿನವರು ಇಟ್ಟ ಹೆಸರು, ಎದುರಿಗೆ ಮಾತ್ರ ಸರ್ — ಆಸ್ಪತ್ರೆ ಎರಡನೇ ಮಹಡಿ ಬೋರ್ಡುಗಳ ಫೈಲು ಆಯ್ತೇನಮ್ಮ, ಹನ್ನೊಂದಕ್ಕೆ ಪ್ರೆಸ್ಸಿಗೆ ಹೋಗ್ಬೇಕು, ಐದೇ ನಿಮಿಷ ಸರ್, ಫೈಲು ಮೊನ್ನೆಯೇ ಆಗಿದೆ, ಕಳಿಸಲು ಕೈ ಬರುತ್ತಿಲ್ಲ. ಪರದೆಯ ಮೇಲೆ ಅಕ್ಷರಗಳು ಎಷ್ಟು ಚೆಂದ, ಕೂದಲೆಳೆಯಷ್ಟು ತೆಳು, ಬಿಳಿಯ ಮೇಲೆ ತಿಳಿಬೂದು, ಆಗಲೇ ಗೋಡೆಗೇರಿದ ಮೊದಲನೇ ಮಹಡಿಯದ್ದೂ ಹೀಗೆಯೇ, ಆಗ ಹೊಸ ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಂತವಳ ಹಾಗೆ ನೋಡಿದ್ದೇ ನೋಡಿದ್ದು, ಕೆಲಸ ಕಲಿಯಲು ಬಂದ ಮೂರು ತಿಂಗಳಲ್ಲಿ ಬೈಸಿಕೊಳ್ಳದೆ ಮಾಡಿದ್ದು ಅದೊಂದೇ. ಸೇರಿದ ವಾರವೇ ಬೈದಿದ್ದರು, ಸಾಲು ಸಾಲಿನ ನಡುವೆ ಜಾಗ ಬಿಡು, ಒತ್ತಕ್ಷರ ಕಾಲು ಚಾಚೋದೆಲ್ಲಿ, ಕೆಳಗಿನ ಸಾಲಿನ ತಲೆ ಮೇಲಾ? ಜಾಗಕ್ಕೆ ಹೊಂದಲಿ ಎಂದು ಅಕ್ಷರಗಳನ್ನು ಅಡ್ಡ ಎಳೆದಾಗ ಮತ್ತೆ, ಅದೇನು ರಬ್ಬರ್ ಬ್ಯಾಂಡಾ, ಎಳೆದ್ರೆ ಅದರ ಮೈಕಟ್ಟೇ ಕೆಡುತ್ತೆ — ಎಲ್ಲವನ್ನೂ ಕಿವಿಗೆ ಹಾಕಿಕೊಂಡೆ, ಒಂದನ್ನು ಬಿಟ್ಟು. ಬೋರ್ಡು ಅಂದ್ರೆ ನಿಜವಾದ ಅಳತೆಗೆ ಪ್ರಿಂಟ್ ತೆಗಿ, ಗೋಡೆಗೆ ಅಂಟಿಸು, ಹತ್ತು ಹೆಜ್ಜೆ ಹಿಂದೆ ಹೋಗಿ ಓದು. ಓದಿದ್ಯಾ? ಓದಿದೆ ಸರ್. ಓದಿರಲಿಲ್ಲ. ಪ್ರಿಂಟರಿನಲ್ಲಿ ಬೇರೆಯವರ ಕೆಲಸ ಓಡುತ್ತಿತ್ತು, ಬಸ್ಸು ತಪ್ಪುತ್ತಿತ್ತು, ನೆಪಗಳಿಗೇನು ಬರ, ಒಂದಡಿ ದೂರದಿಂದ ನನ್ನ ಕಣ್ಣಿಗೆ ಕಾಣುತ್ತಿತ್ತಲ್ಲ, ಸಾಕೆನಿಸಿತ್ತು.

ಅದೂ ಕಣ್ಣಿನ ಆಸ್ಪತ್ರೆಗೆ. ಬುದ್ಧಿಗೆ ಅದೇನು ಮಂಕು ಕವಿದಿತ್ತೋ, ಕಣ್ಣು ಕಾಣದವರೇ ಬರುವ ಜಾಗ, ನಮ್ಮಮ್ಮನೇ ಹೋಗುವ ಜಾಗ, ಎರಡೂ ಕಣ್ಣಿಗೆ ಪೊರೆ ಬಂದಿದೆ ಅವಳಿಗೆ. ನಿನ್ನೆ ತಪಾಸಣೆಗೆ ಕರೆದುಕೊಂಡು ಹೋದರೆ ಮದುವೆ ಮನೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡಿದ್ದಳು, ಮಗಳು ಮಾಡಿದ ಬೋರ್ಡು ನೋಡ್ಬೇಕಲ್ವೇನೇ, ಮೊದಲನೇ ಮಹಡಿಯ ಕಾರಿಡಾರಿಗೆ ಕಾಲಿಟ್ಟದ್ದೇ ನನ್ನ ಕೈ ಬಿಡಿಸಿಕೊಂಡಳು, ತಡಿ, ನೀನು ಹೇಳ್ಬೇಡ, ನಾನೇ ಹುಡುಕ್ತೀನಿ — ನನ್ನ ಬೋರ್ಡಿನ ಮುಂದೆಯೇ ಹಾದುಹೋದಳು, ನಿಲ್ಲಲಿಲ್ಲ, ಅವಳಿಗದು ಬರಿಯ ಗೋಡೆ, ನೇರ ಹೋಗಿ ಲಿಫ್ಟಿನ ಪಕ್ಕ ನಿಂತಳು, ಬೆಂಕಿ ಬಿದ್ದರೆ ಲಿಫ್ಟ್ ಬಳಸಬೇಡಿ, ಕೆಂಪು ತಗಡು, ದಪ್ಪ ಬಿಳಿ ಅಕ್ಷರ, ಯಾವ ಕಾಲದ್ದೋ, ಯಾರೋ ಅಡ್ಡಾದಿಡ್ಡಿ ಹಿಗ್ಗಿಸಿದ್ದು, ಮೇಷ್ಟ್ರು ನೋಡಿದ್ದರೆ ಸ್ಕೇಲು ಮುರಿದು ಹಾಕುತ್ತಿದ್ದರು, ಅಮ್ಮ ಅದರ ಮೇಲೆ ಅಂಗೈ ಇಟ್ಟಳು. ಇದೇ ಅಲ್ವಾ? ಎಷ್ಟು ದುಂಡಗೆ ಮಾಡಿದ್ದೀಯೇ! ಎದುರು ಬೆಂಚಿನಲ್ಲಿ ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಅಜ್ಜನನ್ನೂ ಬಿಡಲಿಲ್ಲ, ನನ್ನ ಮಗಳು ಮಾಡಿದ್ದು, ಅಲ್ಲಿಂದ್ಲೇ ಕಾಣುತ್ತೆ ಅಲ್ವಾ? ಕಾಣದೇ ಏನಮ್ಮ, ನನ್ನಂಥವನಿಗೂ ಕಾಣ್ತಿದೆ, ಡಾಕ್ಟರ್ ರೂಮು ಎಲ್ಲಿ ಅಂತ ಮಾತ್ರ ಪುಣ್ಯಾತ್ಮರು ಎಲ್ಲೂ ಬರೆದಿಲ್ಲ ನೋಡಿ. ಬರೆದಿದೆ, ಅಜ್ಜನ ಎಡಗಡೆಗೇ ಇದೆ, ಆ ಪುಣ್ಯಾತ್ಮಳು ನಾನೇ, ಭೂಮಿ ಬಾಯಿಬಿಡಬಾರದೇ ಎನಿಸಿತು, ಅದು ಬಿಡಲಿಲ್ಲ, ನಾನು ಬಿಟ್ಟೆ — ಹೌದಮ್ಮ, ಅದೇ, ನಾನೇ ಮಾಡಿದ್ದು.

ಗುರುವಾರ ಆಪರೇಷನ್. ಪಟ್ಟಿ ಬಿಚ್ಚಿದ ಕೂಡ್ಲೇ ಮೊದಲು ನಿನ್ನ ಬೋರ್ಡು ನೋಡೋದು, ಡಾಕ್ಟರ ಮುಖ ಆಮೇಲೆ, ಎಂದು ನಗುತ್ತಿದ್ದಳು, ಅಷ್ಟರಲ್ಲಿ ನರ್ಸ್ ಬಂದು ಸಕ್ಕರೆ ಜಾಸ್ತಿ ಇದೆ, ಒಂದು ವಾರ ಮುಂದೆ ಹಾಕ್ಬೇಕಾಗ್ಬಹುದು ಎಂದಳು, ಅಮ್ಮನ ಮುಖ ಬಾಡಿತು, ನನಗೆ — ಥೂ — ನನಗೆ ಸಮಾಧಾನವಾಯಿತು. ಹೆತ್ತವಳಿಗೆ ಇನ್ನೊಂದು ವಾರ ಕಣ್ಣು ಕಾಣದಿದ್ದರೂ ಪರವಾಗಿಲ್ಲ, ನನ್ನ ಸುಳ್ಳು ಉಳಿಯಲಿ ಎಂದುಕೊಂಡ ಮಗಳು ನಾನು, ರಾತ್ರಿ ಊಟಕ್ಕೆ ಕೂತರೆ ಅವಳ ಮುಖ ನೋಡಲಾಗಲಿಲ್ಲ, ಟಕ್ ಟಕ್, ಹತ್ತು ಹೆಜ್ಜೆ ಹಿಂದೆ ನಿಂತು ಓದಿದ್ಯೇನಮ್ಮ? ಇಲ್ಲ ಸರ್. ಅಂದೇಬಿಟ್ಟೆ, ಯಾರ ದನಿಯೋ ಎನ್ನುವ ಹಾಗೆ ಕೇಳಿಸಿತು, ಮೊದಲನೇ ಮಹಡಿದೂ ಓದಿರ್ಲಿಲ್ಲ, ಸುಳ್ಳು ಹೇಳಿದ್ದೆ, ಅಲ್ಲಿ ಯಾರಿಗೂ ಓದೋಕಾಗ್ತಿಲ್ಲ ಸರ್, ಎಲ್ಲಾ ತೆಗೆಸ್ಬೇಕು. ಸ್ಕೇಲಿನ ಸದ್ದು ನಿಂತಿತು. ಬೈದರೆ ಹಗುರಾಗುತ್ತೇನೆ, ಬೈಯುತ್ತಿಲ್ಲ, ಯಾರು ಹೇಳಿದ್ರು ನಿಂಗೆ, ಮೆತ್ತಗೆ ಕೇಳುತ್ತಿದ್ದಾರೆ, ಯಾರೂ ಹೇಳಲಿಲ್ಲ ಸರ್, ಯಾರೂ — ಆ ಕೆಂಪು ತಗಡು, ನಿನ್ನೆ ಆಸ್ಪತ್ರೆಯಿಂದ ಹೊರಡುವ ಮುಂಚೆ ಅಮ್ಮ ಮತ್ತೆ ಅದರ ಹತ್ತಿರ ಹೋದಳು, ಧೂಳು ಕೂತಿದೆ ಕಣೇ ಎಂದಳು, ತನ್ನ ಕರ್ಚೀಫು ತೆಗೆದು ಒರೆಸಿದಳು, ಮೂಲೆ ಮೂಲೆ ತಡವಿ ತಡವಿ, ಒಂದೊಂದು ಅಕ್ಷರವನ್ನೂ, ನಾನು ಪಕ್ಕದಲ್ಲೇ ನಿಂತಿದ್ದೆ, ಒರೆಸುತ್ತಿದ್ದಾಳೆ, ಅಮ್ಮ ಒರೆಸುತ್ತಲೇ ಇದ್ದಾಳೆ, ಕರ್ಚೀಫು ಕಪ್ಪಾಗಿದೆ —