ಕನ್ನಡಿಯ ಜಾಗ

ಗೋಡೆಯ ಮೇಲೆ ಒಂದು ಹಲಗೆ. ಬಿಳಿ ಬಣ್ಣ ಬಳಿದ, ಎರಡು ಕದಗಳನ್ನು ಜೋಡಿಸಿಟ್ಟಷ್ಟು ಅಗಲದ ಹಲಗೆ. ಅದರ ತುಂಬ ಮೊಳೆಗಳು, ಮೊಳೆಗೊಂದರಂತೆ ತೂಗುವ ಹತಾರಗಳು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಬರುವ ಸ್ಪ್ಯಾನರುಗಳ ಸಾಲು, ಹಿಡಿ ಸವೆದ ಸ್ಕ್ರೂಡ್ರೈವರುಗಳು, ಬಾಯಿ ಮುಚ್ಚಿಕೊಂಡ ಇಕ್ಕಳಗಳು, ಒಂದು ರಬ್ಬರ್ ಸುತ್ತಿಗೆ. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದಲ್ಲಿ ಬಳಿದ ಕೆಂಪು ಬಣ್ಣ. ಹತಾರ ತನ್ನ ಜಾಗದಲ್ಲಿದ್ದಾಗ ಆ ಕೆಂಪು ಅಂಚಿನಲ್ಲಷ್ಟೇ ತೆಳ್ಳಗೆ ಇಣುಕುತ್ತದೆ. ಎತ್ತರದ ಕಿಟಕಿಯಿಂದ ಇಳಿದ ಬೆಳಗಿನ ಬಿಸಿಲು ಹಲಗೆಯ ಮೇಲೆ ಓರೆಯಾಗಿ ಒರಗಿದೆ. ಏನೂ ಅಲುಗುತ್ತಿಲ್ಲ. ಕೆಳಗಿನ ಸಾಲಿನ ಕೊನೆಯಲ್ಲಿ ಮಾತ್ರ ಒಂದು ಮೊಳೆ ಬರಿದಾಗಿದೆ. ಅಲ್ಲಿ ಉದ್ದನೆಯ ಕಡ್ಡಿಯೊಂದರ ಆಕಾರ, ಅದರ ತುದಿಗೆ ಕೋಟಿನ ಗುಂಡಿಯಷ್ಟು ದುಂಡನೆಯ ಮಚ್ಚೆ, ಗಾಯದ ಹಾಗೆ ಕೆಂಪಗೆ ತೆರೆದುಕೊಂಡಿದೆ.

ಚಿಕ್ಕಪ್ಪ ಆ ಕೆಂಪನ್ನು ನೋಡುತ್ತ ನಿಂತುಬಿಟ್ಟಿದ್ದರು. ಅವರು ಈ ಪುಟ್ಟ ವಿಮಾನ ಕಂಪನಿಯ ಹಿರಿಯ ಮೆಕ್ಯಾನಿಕ್. ಅಣ್ಣ ಹೋದ ಮೇಲೆ ಅತ್ತಿಗೆಯ ಜೊತೆ ಅರ್ಧ ಮಾಲೀಕರೂ ಹೌದು. ಅಣ್ಣನ ಮಗಳು ಕರೆಯುವುದನ್ನು ಕೇಳಿ ಕೇಳಿ, ರನ್‌ವೇಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರ ಬಾಯಲ್ಲೂ ಅವರು ಚಿಕ್ಕಪ್ಪನೇ ಆಗಿದ್ದರು. ಆ ಮಗಳೇ ಈಗ ವಿಮಾನ ಏರಿಸಿಕೊಂಡು ಹೋಗಿದ್ದಳು. ಅದರ ಸದ್ದು ಆಗಲೇ ಜೇನುಹುಳದ ಗುಂಗಿನಷ್ಟು ಸಣ್ಣಗಾಗಿತ್ತು.

“ಏನು ಚಿಕ್ಕಪ್ಪ, ಹಲಗೆ ಜೊತೆ ಮಾತುಕತೇನಾ?” ಎನ್ನುತ್ತ ಜೊತೆಗಾರ ಮೆಕ್ಯಾನಿಕ್ ಒಳಗೆ ಬಂದ. ಮಾತು ನಿಲ್ಲಿಸಲು ಬಾರದ ಅವನನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು.

“ಕನ್ನಡಿ ಎಲ್ಲಿ?”

“ಯಾವ ಕನ್ನಡಿ?”

“ಕಡ್ಡಿ ಕನ್ನಡಿ ಕಣೋ.”

ಮೈಕು ಹಲಗೆ ನೋಡಿದ. ಅವನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅದು ಅಪರೂಪದ ಸಂಗತಿ.

ಕೈಯಾಗಲಿ ಕಣ್ಣಾಗಲಿ ಹೋಗದ ಸಂದಿಗೆ ತೂರಿಸಿ ನೋಡುವ ಪುಟ್ಟ ಕನ್ನಡಿ ಅದು. ಬೆಳಿಗ್ಗೆ ಚಿಕ್ಕಪ್ಪ ಅದನ್ನೇ ಹಿಡಿದು ವಿಮಾನದ ಹೊಟ್ಟೆಯೊಳಗೆ ಬಾಗಿದ್ದರು. ಪೈಲಟ್ ಸೀಟಿನಡಿಯ ತಗಡು ಬಿಚ್ಚಿ, ಕೈಯಲ್ಲಿ ಹಿಡಿಯುವ ಸ್ಟಿಕ್ಕಿನಿಂದ ಬಾಲದ ಕಡೆಗೆ ಓಡಿ ವಿಮಾನದ ಮೂಗನ್ನು ಏರಿಳಿಸುವ ಕೇಬಲನ್ನು ಪರೀಕ್ಷಿಸಿ, ತಗಡನ್ನು ಮತ್ತೆ ಬಿಗಿದಿದ್ದರು. ಆಮೇಲೆ ಎಂದಿನ ಪದ್ಧತಿ. ಹಲಗೆಯ ಮುಂದೆ ನಿಂತು ಒಂದು ಸುತ್ತು ಕಣ್ಣಾಡಿಸುವುದು, ಎಲ್ಲೂ ಕೆಂಪು ಕಾಣದಿದ್ದರೆ ಷೆಡ್ಡಿನ ಬಾಗಿಲಿಗೆ ಬಂದು ಕೈ ಎತ್ತುವುದು. ಆ ಕೈ ಕಾಣುವವರೆಗೆ ಪೈಲಟ್ ಎಂಜಿನ್ ಮುಟ್ಟುವಂತಿಲ್ಲ. ಇಂದೂ ಅವರು ಕೈ ಎತ್ತಿದ್ದರು. ಹೊರಗೆ ಹೋಗಿ ಮೈಕುವಿನ ಜೊತೆ ಗಾಲಿಗೆ ಕೊಟ್ಟ ಮರದ ತುಂಡುಗಳನ್ನು ಎಳೆದು, ವಿಮಾನ ನೆಲ ಬಿಡುವುದನ್ನು ನೋಡಿ, ಈಗಷ್ಟೇ ಒಳಗೆ ಬಂದಿದ್ದರು.

ಹಾಗಾದರೆ ನೋಡಿದ್ದೆನೇ? ಅವರು ನೆನಪನ್ನು ಕೆದಕಿದರು. ಹಲಗೆಯ ಮುಂದೆ ನಿಂತದ್ದು ನೆನಪಿದೆ, ಹತಾರಗಳೆಲ್ಲ ತೂಗುತ್ತಿದ್ದುದು ನೆನಪಿದೆ. ಆದರೆ ಅದು ಇಂದಿನ ನೋಟವೋ, ನಿನ್ನೆಯದೋ, ವರ್ಷಗಳ ನೋಟಗಳೆಲ್ಲ ಒಂದರ ಮೇಲೊಂದು ಕೂತು ಮಂಜುಗಟ್ಟಿದ ಚಿತ್ರವೋ? ದಿನವೂ ನೋಡುವುದನ್ನು ಮನುಷ್ಯ ನಿಜವಾಗಿ ಎಷ್ಟು ಸಲ ನೋಡುತ್ತಾನೆ?

ಈ ಕಂಪನಿಯ ವಿಮಾನ ಎರಡು ಸಲ ಬಿದ್ದಿತ್ತು. ಮೊದಲನೆಯದು ನಗುವ ಕಥೆ. ಒಂದು ಒದ್ದೆ ಬೆಳಿಗ್ಗೆ ಜಾರಿ ರನ್‌ವೇ ಪಕ್ಕದ ಹಳ್ಳಕ್ಕೆ ಮೂಗು ಊರಿದ್ದು, ಪ್ರಯಾಣಿಕರು ಕೆಸರು ಮೆತ್ತಿಕೊಂಡು ಹೊರಬಂದದ್ದು, ಅಣ್ಣ ಅವರಿಗೆಲ್ಲ ಚಹಾ ಕುಡಿಸಿ “ಇದಕ್ಕೆ ಬೇರೆ ಟಿಕೆಟ್ ಇಲ್ಲ” ಎಂದು ನಗಿಸಿ ಕಳಿಸಿದ್ದು. ಎರಡನೆಯದನ್ನು ಯಾರೂ ಕಥೆಯಾಗಿ ಹೇಳುತ್ತಿರಲಿಲ್ಲ. ಮೋಡವೇ ಇಲ್ಲದ ದಿನ, ಅಣ್ಣ ಒಬ್ಬನೇ ಹಾರಿದ್ದ. ಬಾಗಿದ ಮೂಗು ಮತ್ತೆ ಮೇಲೇಳಲಿಲ್ಲ. ಅವಶೇಷದಲ್ಲಿ, ಬಾಲದ ಕೇಬಲ್ ಹಾಯುವ ಸಂದಿಯಲ್ಲಿ, ಒಂದು ಸ್ಪ್ಯಾನರ್ ಸಿಕ್ಕಿಕೊಂಡಿತ್ತು. ಅದು ಯಾರ ಕೈಯಿಂದ ಉಳಿದದ್ದೆಂದು ತನಿಖೆಗೆ ಬಂದವರಿಗೂ ತಿಳಿಯಲಿಲ್ಲ. ಆಗ ಹತಾರಗಳಿಗೆ ಜಾಗವೆಂಬುದೇ ಇರಲಿಲ್ಲ. ಜೇಬು, ಪೆಟ್ಟಿಗೆ, ರೆಕ್ಕೆಯ ಮೇಲ್ಭಾಗ, ಎಲ್ಲೆಂದರಲ್ಲಿ. ಚಿಕ್ಕಪ್ಪನ ಕೈಯೇ ಇರಬಹುದು, ಬೇರೆಯವರದಿರಬಹುದು, ಅಣ್ಣನದೇ ಇರಬಹುದು. ಈ ‘ಇರಬಹುದು’ಗಳ ನಡುವೆಯೇ ಚಿಕ್ಕಪ್ಪನ ತಲೆ ನರೆತಿತ್ತು.

ಹಲಗೆ ಬಂದದ್ದು ಆಮೇಲೆ. ಮಾಡಿದವರು ಅತ್ತಿಗೆ. ಒಂದು ಮಧ್ಯಾಹ್ನ ಷೆಡ್ಡಿಗೆ ಬಂದು, ನೆಲದ ಮೇಲೆ ಹಲಗೆ ಹಾಸಿ, ಇದ್ದಬದ್ದ ಹತಾರಗಳನ್ನೆಲ್ಲ ಅದರ ಮೇಲಿಟ್ಟು ಸುತ್ತ ಗೆರೆ ಎಳೆದರು, ಒಳಗೆ ಕೆಂಪು ತುಂಬಿದರು. “ಒಂದು ಕೆಂಪು ಕಂಡ್ರೂ ವಿಮಾನ ಏಳಬಾರದು,” ಎಂದರು. ಇನ್ನೊಮ್ಮೆ ಹೇಳಲಿಲ್ಲ. ಅಂದಿನಿಂದ ಮುಂಗೋಣೆಯ ಟಿಕೆಟ್ಟು, ಫೋನು, ಪ್ರಯಾಣಿಕರ ಚಹಾ ಎಲ್ಲ ಅವರದೇ. ಆದರೆ ವಿಮಾನ ಏಳುವುದನ್ನು ಮಾತ್ರ ಅವರು ಮತ್ತೆಂದೂ ನೋಡಲಿಲ್ಲ. ಎಂಜಿನ್ ಗುಡುಗಿದೊಡನೆ ಬಚ್ಚಲುಕೋಣೆಗೆ ಹೋಗಿ ಚಿಲಕ ಹಾಕಿ ನಲ್ಲಿಯನ್ನು ಜೋರಾಗಿ ಬಿಡುವರು. ಮಗಳು ಪೈಲಟ್ ಆಗುತ್ತೇನೆಂದಾಗ ಬೇಡವೆನ್ನಲಿಲ್ಲ. ನಲ್ಲಿಯನ್ನು ಇನ್ನೊಂದು ಸುತ್ತು ಹೆಚ್ಚಿಗೆ ತಿರುಗಿಸಿದರು, ಅಷ್ಟೆ. ಈಗಲೂ ಮುಂಗೋಣೆಯ ಆಚೆಯಿಂದ ನೀರಿನ ಸದ್ದು ಸಣ್ಣಗೆ ಕೇಳುತ್ತಿತ್ತು.

ಚಿಕ್ಕಪ್ಪ ರೇಡಿಯೊ ಇದ್ದ ಮೇಜಿನತ್ತ ನಡೆದರು.

“ಚಿಕ್ಕಪ್ಪ, ಒಂದು ನಿಮಿಷ,” ಮೈಕು ಅಡ್ಡ ಬಂದ. “ಎಲ್ಲೋ ಇಲ್ಲೇ ಬಿದ್ದಿರತ್ತೆ. ಹುಡುಕೋಣ. ವಿಮಾನದೊಳಗೆ ಕೂತಿರೋದು ಯಾರು ಗೊತ್ತಲ್ಲ?”

ಗೊತ್ತಿತ್ತು. ದೊಡ್ಡ ಕಾರ್ಖಾನೆಯೊಂದರ ಅಧಿಕಾರಿ. ತಮ್ಮ ಎಂಜಿನಿಯರುಗಳು ವರ್ಷವಿಡೀ ಈ ವಿಮಾನಗಳಲ್ಲಿ ಓಡಾಡಬಹುದೇ ಎಂದು ತಾವೇ ಕೂತು ನೋಡಲು ಬಂದವರು. ಅವರು ಒಪ್ಪಿದರೆ ಷೆಡ್ಡು ಉಳಿಯುತ್ತಿತ್ತು. ಇಲ್ಲವಾದರೆ ಉಳಿದೆರಡು ವಿಮಾನಗಳನ್ನೂ ಮಾರಿ ಬಾಗಿಲು ಮುಚ್ಚುವುದೇ. ಬೆಳಿಗ್ಗೆ ಬಂದೊಡನೆ ಅವರು ಕೇಳಿದ್ದರು: “ನಿಮ್ಮದೇ ಅಲ್ವಾ, ಹಿಂದೆ ಬಿದ್ದದ್ದು?” ಚಿಕ್ಕಪ್ಪ “ಹೌದು, ನಮ್ಮದೇ” ಎಂದಿದ್ದರು. ಚಹಾ ತಂದ ಅತ್ತಿಗೆ ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಸುಮ್ಮನೆ ಲೋಟ ಇಟ್ಟು ಹೋಗಿದ್ದರು.

“ಏರಿದ ವಿಮಾನ ವಾಪಸ್ ಇಳಿಸಿದ್ರೆ ಆಯ್ತು ನಮ್ಮ ಕಥೆ,” ಮೈಕು ಪಿಸುಗುಟ್ಟಿದ. “ಇವರು ಇನ್ನೂ ಸುಧಾರಿಸಿಲ್ಲ ಅಂತಾರೆ.”

“ಅನ್ನಲಿ.”

“ಕೆಲಸ ಹೋಗತ್ತೆ ಚಿಕ್ಕಪ್ಪ. ನಿಮ್ದೂ, ನಂದೂ.”

“ಹೋಗಲಿ ಬಿಡು. ಅವಳು ಬರಲಿ.”

ಅವರು ಮೈಕ್ರೊಫೋನ್ ಎತ್ತಿಕೊಂಡರು.

“ಹೇಳಿ ಚಿಕ್ಕಪ್ಪ.” ಅಣ್ಣನ ಮಗಳ ಧ್ವನಿಯಲ್ಲಿ ಆಕಾಶದ ನಿರಾಳವಿತ್ತು.

“ವಾಪಸ್ ಬಾಮ್ಮ.”

“ಏನು ಕಾಣ್ತಿಲ್ಲ?”

ಅವಳು ಯಾಕೆಂದು ಕೇಳಲಿಲ್ಲ. ಹಲಗೆಯ ಮುಂದೆ ಬೆಳೆದವಳು.

“ಕಡ್ಡಿ ಕನ್ನಡಿ. ಬೆಳಿಗ್ಗೆ ನಿನ್ನ ಸೀಟಿನ ಕೆಳಗೆ ಹಿಡಿದಿದ್ದೆ. ಸ್ಟಿಕ್ ಹೇಗಿದೆ?”

“ಬೆಣ್ಣೆ ಥರ ಇದೆ.”

“ಹಾಗೇ ಇರಲಿ. ಜೋರಾಗಿ ತಿರುಗಿಸಬೇಡ. ಮೂಗು ತುಂಬ ಬಗ್ಗಿಸಬೇಡ. ದೊಡ್ಡ ಸುತ್ತು ಹಾಕಿ ನಿಧಾನ ಬಾ.”

“ಸರಿ. ಹಿಂದಿನ ಸೀಟಿನವರು ಮೀಟಿಂಗ್ ತಪ್ಪತ್ತೆ ಅಂತ ಕೂಗ್ತಿದ್ದಾರೆ.”

“ಕೂಗಲಿ. ಬಯ್ಯೋದಿದ್ರೆ ನನಗೆ ಬಯ್ಯೋಕೆ ಹೇಳು.”

ಅವರು ಹೊರಗೆ ಬಂದು ನಿಂತರು. ಆಕಾಶ ತೊಳೆದಿಟ್ಟ ಪಾತ್ರೆಯಂತೆ ಬರಿದಾಗಿತ್ತು. ಅಂದೂ ಹೀಗೇ ಇತ್ತು. ಬಹಳ ಹೊತ್ತಿನ ಮೇಲೆ ಅದರ ಅಂಚಿನಲ್ಲಿ ಒಂದು ಚುಕ್ಕೆ ಮೂಡಿತು, ಚುಕ್ಕೆಗೆ ರೆಕ್ಕೆ ಬಂತು, ರೆಕ್ಕೆ ಓಲಾಡದೆ ಸಮನಾಗಿ ಇಳಿಯತೊಡಗಿತು. ಇಳಿಯುವಾಗ ಮೂಗು ಬಾಗಬೇಕು, ಕೊನೆಯಲ್ಲಿ ಏಳಬೇಕು. ಏಳಬೇಕು. ಚಿಕ್ಕಪ್ಪನ ಬೆರಳುಗಳು ಇಲ್ಲದ ಸ್ಟಿಕ್ಕೊಂದನ್ನು ಗಾಳಿಯಲ್ಲಿ ಮೆಲ್ಲಗೆ ಹಿಂದಕ್ಕೆಳೆದವು. ಮೂಗು ಎದ್ದಿತು. ಗಾಲಿ ನೆಲ ಮುಟ್ಟಿ ಕಿರ್ರೆಂದಿತು. ಮೈಕು ಮುಖ ಆ ಕಡೆ ತಿರುಗಿಸಿ ಜೋರಾಗಿ ಸೀನಿದ; ಬಂದದ್ದು ಸೀನಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ವಿಮಾನ ಷೆಡ್ಡಿನ ಮುಂದೆ ನಿಲ್ಲುತ್ತಲೇ ಅಧಿಕಾರಿ ಕೆಳಗಿಳಿದರು. “ಏನ್ರೀ ಇದು? ಬಸ್ಸಾ, ಕೈ ಅಡ್ಡ ಹಾಕಿ ನಿಲ್ಲಿಸೋಕೆ?” ಎಂದರು. ಚಿಕ್ಕಪ್ಪ “ಐದು ನಿಮಿಷ ಸಾರ್” ಎಂದಷ್ಟೇ ಹೇಳಿ ಒಳಗೆ ನುಗ್ಗಿ ತಗಡು ಬಿಚ್ಚಿದರು. ಟಾರ್ಚ್ ಹಿಡಿದರು. ತೋಳು ಹೋಗುವಷ್ಟು ದೂರ ತಡವಿದರು. ಕೇಬಲ್ ಹೊಳೆಯುತ್ತ ಮಲಗಿತ್ತು. ಕನ್ನಡಿ ಇಲ್ಲ. ಮೈಕು ಬಾಲದ ಕಡೆಯ ಮುಚ್ಚಳ ತೆಗೆದು ನೋಡಿದ. ಅಲ್ಲೂ ಇಲ್ಲ. ಅಣ್ಣನ ಮಗಳು ಸೀಟಿನ ಸಂದುಗಳನ್ನೆಲ್ಲ ಬೆರಳಾಡಿಸಿ ನೋಡಿದಳು. ಇಲ್ಲ. ಇಲ್ಲವೆಂಬುದು ನೆಮ್ಮದಿಯಲ್ಲ; ಸಿಗುವವರೆಗೆ ಅದು ಎಲ್ಲಿ ಬೇಕಾದರೂ ಇರಬಹುದು.

ಆಗ ಮುಂಗೋಣೆಯ ಬಾಗಿಲಲ್ಲಿ ಅತ್ತಿಗೆ ಕಾಣಿಸಿಕೊಂಡರು. ಮುಖ ಒಂದು ಕಡೆ ಉಬ್ಬಿತ್ತು. ಬಿಚ್ಚಿದ ತಗಡುಗಳನ್ನು ಕಂಡು ಅವರ ಹೆಜ್ಜೆ ನಿಂತಿತು. “ಯಾಕೆ? ಯಾಕೆ ವಾಪಸ್ ಬಂತು?” ಎಂದರು. ಎಲ್ಲರ ಕಣ್ಣೂ ಅವರ ಬಲಗೈಯ ಮೇಲಿತ್ತು. ಅಲ್ಲಿ ಉದ್ದನೆಯ ಕಡ್ಡಿ. ಅದರ ತುದಿಯ ಪುಟ್ಟ ಕನ್ನಡಿ ಬಿಸಿಲನ್ನು ಹಿಡಿದು ಛಾವಣಿಗೆ ಎಸೆಯುತ್ತಿತ್ತು.

“ಅಮ್ಮ, ಅದು ನಿನ್ನ ಹತ್ರ ಯಾಕಿದೆ?” ಮಗಳು ಕೇಳಿದಳು.

“ದವಡೆ ಹಲ್ಲು ಕಣೇ. ಮೂರು ದಿನದಿಂದ ಜೀವ ಹಿಂಡ್ತಿದೆ. ತೂತು ಬಿದ್ದಿದೆಯಾ ನೋಡೋಣ ಅಂತ…” ಅವರು ಹಲಗೆಯತ್ತ ತಿರುಗಿದರು. ತಾವೇ ಬಳಿದ ಕೆಂಪು ತಮ್ಮನ್ನೇ ನೋಡುತ್ತಿತ್ತು. “ಅಯ್ಯೋ. ನಾನೇ. ನಾನೇ ಹೀಗೆ ಮಾಡಿದ್ನಲ್ಲೋ.” ಮಗ್ಗುಲ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಚಿಕ್ಕಪ್ಪ ಹತ್ತಿರ ಬಂದು ಮಂಡಿಯೂರಿದರು. “ಅತ್ತಿಗೆ, ಯಾವಾಗ ತಗೊಂಡ್ರಿ?”

“ನೀನು ಕೈ ಎತ್ತಿ ಹೊರಗೆ ಹೋದ ಮೇಲೆ. ಕೆಲಸ ಮುಗೀತಲ್ಲ ಅಂತ…”

“ಎಲ್ಲಿತ್ತು?”

“ಎಲ್ಲಿರತ್ತೆ? ಮೊಳೆ ಮೇಲೇ ಇತ್ತು.”

“ಇನ್ನೊಂದ್ಸಲ ಹೇಳಿ.”

“ಮೊಳೆ ಮೇಲೇ ಇತ್ತು ಕಣೋ. ಯಾಕೆ ಹೀಗೆ ನೋಡ್ತೀಯಾ?”

ಅಂದರೆ ನೋಡಿದ್ದರು. ನಿನ್ನೆಯದಲ್ಲ, ಮೊನ್ನೆಯದಲ್ಲ, ಇವತ್ತೇ ನೋಡಿದ್ದರು. ಚಿಕ್ಕಪ್ಪನಿಗೆ ಮೊದಲು ನಗು ಬಂತು. ಅದು ಎಲ್ಲೋ ತಿರುವು ತಪ್ಪಿ ಕಣ್ಣಿನಿಂದ ಇಳಿಯಿತು. ಅವರು ಅಂಗಿಯ ತೋಳಿನಿಂದ ಮುಖ ಒರೆಸಿದರು. ಗ್ರೀಸು ಕೆನ್ನೆಯುದ್ದಕ್ಕೂ ಗೆರೆ ಎಳೆಯಿತು.

“ಸಿಕ್ತಾ?” ಅಧಿಕಾರಿ ಒಳಗೆ ಬಂದಿದ್ದರು. “ಎಲ್ಲಿತ್ತು ಅದು?”

ಮೈಕು ಚಿಕ್ಕಪ್ಪನ ಬೆನ್ನಿಗೆ ಮೆತ್ತಗೆ ತಿವಿದ: ಮೇಜಿನ ಕೆಳಗಿತ್ತು ಅನ್ನಿ. ಚಿಕ್ಕಪ್ಪ ಎದ್ದು ನಿಂತರು.

“ನಮ್ಮ ಅತ್ತಿಗೆಯ ಬಾಯಲ್ಲಿತ್ತು ಸಾರ್.”

ಅಧಿಕಾರಿ ಅತ್ತಿಗೆಯನ್ನು ನೋಡಿದರು, ಉಬ್ಬಿದ ಕೆನ್ನೆ ನೋಡಿದರು, ಕನ್ನಡಿ ನೋಡಿದರು. ಆಮೇಲೆ ಹಲಗೆಯ ಮುಂದೆ ಹೋಗಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತರು. “ಇದೊಂದಕ್ಕೋಸ್ಕರ ಇಳಿಸಿದ್ರಾ?” ಎಂದರು.

“ಹೌದು ಸಾರ್.”

“ಮೀಟಿಂಗ್ ಅಂತೂ ಹೋಯ್ತು. ಊಟದ ಹೊತ್ತಿಗಾದ್ರೂ ಮುಟ್ಟಿಸ್ತೀರಾ?” ಬಾಯಿಯ ಒಂದು ಮೂಲೆ ಸಡಿಲವಾಯಿತು. “ನಮ್ಮವರಿಗೆ ಹೇಳ್ತೀನಿ, ಈ ಕಂಪನಿಯವರು ಹಲ್ಲುನೋವಿಗೂ ವಿಮಾನ ಇಳಿಸ್ತಾರೆ ಅಂತ. ಮುಂದಿನ ತಿಂಗಳಿಂದ ಮೂರು ಸೀಟು ನಮಗೆ ಹಿಡಿದಿಡಿ.” ಬಾಗಿಲ ಬಳಿ ತಿರುಗಿ, “ನೀವು ಮಾತ್ರ ಡಾಕ್ಟರ ಹತ್ರ ಹೋಗಿ ಅಮ್ಮ,” ಎಂದರು.

“ಸಂಜೆ ಹೋಗ್ತೀನಿ,” ಎಂದರು ಅತ್ತಿಗೆ, ಬಯ್ಯಿಸಿಕೊಂಡ ಶಾಲೆಯ ಹುಡುಗಿಯಂತೆ.

ತಗಡುಗಳು ಮತ್ತೆ ಕೂತವು. ಅತ್ತಿಗೆ ಕನ್ನಡಿಯನ್ನು ಸೋಪು ಹಚ್ಚಿ ತೊಳೆದು, ಒರೆಸಿ, ತಾವೇ ಮೊಳೆಗೆ ತೂಗುಹಾಕಿದರು. ಕೆಂಪು ಮುಚ್ಚಿಕೊಂಡಿತು. ಸ್ಕ್ರೂಡ್ರೈವರ್, ಟಾರ್ಚ್, ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಚಿಕ್ಕಪ್ಪ ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ಹೋದರು.

“ಮರದ ತುಂಡು ನೀನೇ ಎಳಿ,” ಎಂದರು ಮೈಕುವಿಗೆ. “ವಿಮಾನ ಏಳೋವರೆಗೆ ನಾನು ಇಲ್ಲಿಂದ ಅಲ್ಲಾಡಲ್ಲ.”

“ಹಲಗೆಗೆ ಕಾವಲಾ, ಅತ್ತಿಗೆಮ್ಮಂಗೆ ಕಾವಲಾ?” ಎನ್ನುತ್ತ ಮೈಕು ಓಡಿದ. ಅವನ ಬಾಯಿ ಮತ್ತೆ ಊರಿಗೆ ಬಂದಿತ್ತು.

ಚಿಕ್ಕಪ್ಪ ನಿಂತಲ್ಲಿಂದಲೇ ಕೈ ಎತ್ತಿದರು. ವಿಮಾನದ ಗಾಜಿನಾಚೆ ಅಣ್ಣನ ಮಗಳ ಕೈ ಉತ್ತರವಾಗಿ ಎದ್ದಿತು. ಎಂಜಿನ್ ಗುಡುಗಿತು, ಹಲಗೆಯ ಹತಾರಗಳು ಮೊಳೆಗಳ ಮೇಲೆ ಸಣ್ಣಗೆ ಕಿಣಿಕಿಣಿ ಎಂದವು.

ಅತ್ತಿಗೆ ಬಚ್ಚಲುಕೋಣೆಯತ್ತ ನಡೆದರು. ಚಿಕ್ಕಪ್ಪ ನಲ್ಲಿಯ ಸದ್ದಿಗೆ ಕಾದರು. ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅವರು ಆ ಬಾಗಿಲ ಮುಂದೆ, ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ಕೈ ತೆಗೆದು, ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡು, ಚಿಕ್ಕಪ್ಪನ ಮುಂದೆಯೇ ಹಾದು ರನ್‌ವೇ ಕಡೆಯ ಪುಟ್ಟ ಬಾಗಿಲಿಗೆ ಬಂದರು.

“ಎಲ್ಲಿಗೆ ಅತ್ತಿಗೆ?”

“ಇಲ್ಲೇ. ಸ್ವಲ್ಪ ಗಾಳಿಗೆ.”

ಬಾಗಿಲು ತೆರೆದಾಗ ಎಂಜಿನ್ನಿನ ಸದ್ದೂ ಬಿಸಿಲೂ ಒಟ್ಟಿಗೆ ಒಳಗೆ ನುಗ್ಗಿದವು. ಅವರು ಹೊಸ್ತಿಲು ದಾಟಿದರು. ಸ್ಪ್ರಿಂಗು ಹಾಕಿದ ಆ ಬಾಗಿಲು ಅವರ ಬೆನ್ನ ಹಿಂದೆ ನಿಧಾನವಾಗಿ ಬಂದು, ಮೆಲ್ಲಗೆ ಮುಚ್ಚಿಕೊಂಡಿತು.